ಗಂಟಲು ಕೈಕೊಟ್ಟ ಶುಕ್ರವಾರ

21 ನವೆಂಬರ್ 2025, ಶುಕ್ರವಾರ
ರಾತ್ರಿ 11.50

ಬೆಳಿಗ್ಗೆ ಅಲಾರಾಂ ಆಫ್ ಮಾಡಿ ಅಭ್ಯಾಸದಂತೆ 'ಅಯ್ಯೋ' ಅಂದೆ. ಬರೀ ಗಾಳಿ ಬಂತು. ಇನ್ನೊಮ್ಮೆ ಅಂದೆ. ಎಣ್ಣೆ ಕಾಣದ ಬಾಗಿಲು ಕಿರ್ರೆಂದ ಹಾಗಾಯಿತು.

ಮೂರು ದಿನದಿಂದ ಕ್ರೀಡಾಕೂಟದ ಪ್ರಾಕ್ಟೀಸು. ಮೈದಾನದ ಈ ತುದಿಯಿಂದ ಆ ತುದಿಗೆ 'ಲೈನ್ ಬಿಟ್ಟು ಓಡಬೇಡಿ' ಅಂತ ಕೂಗಿದ್ದೇ ಕೂಗಿದ್ದು. ಮೈಕ್ ಇತ್ತು, ಬ್ಯಾಟರಿ ಇರಲಿಲ್ಲ. ನಿನ್ನೆ ಸಂಜೆ ಡಾಕ್ಟರ್ ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದವರೇ 'ಟೀಚರ್ರಾ?' ಅಂತ ಕೇಳಿದರು. ನಾನು ಹೇಳಿಯೇ ಇರಲಿಲ್ಲ! ಎರಡು ದಿನ ಮಾತು ಬಂದ್, ಪಿಸುಮಾತೂ ಬೇಡ ಅಂದರು.

ರಜೆ ಹಾಕಬಹುದಿತ್ತು. ಹಾಕಲಿಲ್ಲ. ಇದರಲ್ಲಿ ತ್ಯಾಗ ಗೀಗ ಏನಿಲ್ಲ. ಎಂಟನೇ ಕ್ಲಾಸಿಗೆ ಇವತ್ತು ಶಬ್ದದ ಪಾಠ ಶುರು. ಅದಕ್ಕಾಗಿ ಎರಡು ವಾರದಿಂದ ಒಂದು ಡಬ್ಬ ತುಂಬಾ ಸಾಮಾನು ಕೂಡಿಟ್ಟಿದ್ದೆ. ನಾನಿಲ್ಲದ ದಿನ ಬೇರೆ ಯಾರೋ ಬಂದು, ಬೋರ್ಡ್ ಮೇಲೆ 'ಶಬ್ದ ಎಂದರೇನು?' ಅಂತ ಬರೆದು, ಉತ್ತರ ಬರೆಸಿ ಮುಗಿಸಿಬಿಟ್ಟರೆ? ಹೊಟ್ಟೆಕಿಚ್ಚು, ಅಷ್ಟೇ.

ಸ್ಟಾಫ್ ರೂಮಿನಲ್ಲಿ ಒಂದು ಹೊಸ ವಿಷಯ ಗೊತ್ತಾಯಿತು. ಮಾತಾಡಲಾಗದವರ ಹತ್ತಿರ ಜನ ಜಾಸ್ತಿ ಮಾತಾಡುತ್ತಾರೆ. ಪಕ್ಕದ ಕುರ್ಚಿಯ ಮೇಡಂ ಒಂದು ಸೀರಿಯಲ್ಲಿನ ಪೂರ್ತಿ ವಾರದ ಕತೆಯನ್ನು ಒಂದೇ ಉಸಿರಿಗೆ ಹೇಳಿದರು. ದಿನಾ ಹೇಳುತ್ತಿದ್ದರು, ದಿನಾ ನಾನು ಮಧ್ಯೆ ಬಾಯಿ ಹಾಕಿ ಕೆಡಿಸುತ್ತಿದ್ದೆ. ಇವತ್ತು ಸುಮ್ನೆ ಕೇಳಿದೆ. ಕತೆ ಚೆನ್ನಾಗಿಯೇ ಇದೆ ಮಾರ್ರೆ! ಆ ಅತ್ತೆಯ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. ಬೆಲ್ ಹೊಡೆದಾಗ 'ಆಮೇಲೆ?' ಅಂತ ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಎಷ್ಟು ಖುಷಿಯಾದರು ಅಂದರೆ, ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು.

ಪಿಟಿ ಸರ್ ತಮ್ಮ ಕೊರಳಿಂದ ವಿಸಲ್ ತೆಗೆದು, ಕರ್ಚೀಫಿನಲ್ಲಿ ಒರೆಸಿ ಕೊಟ್ಟರು. 'ಇಟ್ಕೊಳ್ಳಿ ಮೇಡಂ, ಎಂಟನೇ ಕ್ಲಾಸು ಬೇರೆ. ಸೋಮವಾರ ವಾಪಸ್ ಕೊಡಿ.' ಅವರ ಕೊರಳಲ್ಲಿ ವಿಸಲ್ ಇಲ್ಲದ್ದನ್ನು ನಾನು ನೋಡಿದ್ದು ಇದೇ ಮೊದಲು. ಏನೋ ಕಳೆದುಕೊಂಡವರ ಥರ ಎದೆ ಮುಟ್ಟಿಕೊಳ್ಳುತ್ತಾ ಹೋದರು.

ಎಂಟನೇ ಕ್ಲಾಸಿನ ಬೋರ್ಡ್ ಮೇಲೆ ದೊಡ್ಡದಾಗಿ ಬರೆದೆ: 'ಇವತ್ತು ಮಿಸ್‌ಗೆ ಗಂಟಲಿಲ್ಲ. ಶಬ್ದವೆಲ್ಲ ನಿಮ್ಮದೇ.' ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಛಾವಣಿ ಹಾರುವ ಹಾಗೆ ಕೂಗಿದರು. ಸರಿ, ಪಾಠ ಶುರುವಾಯಿತು.

ಮೊದಲು ಎಲ್ಲರೂ ಗಂಟಲ ಮೇಲೆ ಬೆರಳಿಟ್ಟು 'ಮ್ಮ್ಮ್' ಅನ್ನಬೇಕು. ಗುಂಯ್ ಅಂತ ನಡುಗುತ್ತದಲ್ಲ, ಅದೇ ಕಂಪನ. ಒಳಗೆ ಧ್ವನಿಪೆಟ್ಟಿಗೆ, ಅದರಲ್ಲಿ ಧ್ವನಿತಂತುಗಳು. ಗಂಡಸರಲ್ಲಿ ಸುಮಾರು 20 ಮಿಲಿಮೀಟರ್, ಹೆಂಗಸರಲ್ಲಿ ಸುಮಾರು 15 ಅಂತ ಚಿತ್ರದ ಪಕ್ಕ ಬರೆದೆ. ಎರಡನೇ ಬೆಂಚಿನಿಂದ ಪ್ರಶ್ನೆ ಬಂತು: 'ಹಂಗಾದ್ರೆ ಈಗ ನಿಮ್ದು ಎಷ್ಟಿದೆ ಮಿಸ್?' ನಾನು 'ಉದ್ದ ಅಷ್ಟೇ ಇದೆ, ಊದಿದೆ' ಅಂತ ಬರೆದೆ. ಊದಿದಾಗ ಎರಡೂ ಸರಿಯಾಗಿ ಕೂಡುವುದಿಲ್ಲ, ಗಾಳಿ ಸುಮ್ನೆ ಸೋರಿಹೋಗುತ್ತದೆ. ನನ್ನ ಗಂಟಲೇ ಇವತ್ತಿನ ಬೋಧನೋಪಕರಣ. ಇದನ್ನು ಪಾಠ ಯೋಜನೆಯಲ್ಲಿ ಬರೆದಿರಲಿಲ್ಲ.

ಆಮೇಲೆ ಡಬ್ಬ ತೆಗೆದೆ.

ಈ ಡಬ್ಬದ ಮೂಲ ವಿಜ್ಞಾನ ಅಲ್ಲ, ನನ್ನ ಸಿನಿಮಾ ಹುಚ್ಚು. ಸಿನಿಮಾದಲ್ಲಿ ಕೇಳುವ ಹೆಜ್ಜೆ ಸಪ್ಪಳ, ಬಟ್ಟೆಯ ಸರಸರ, ಬಾಗಿಲ ಕಿರ್ರು, ಇವುಗಳಲ್ಲಿ ಎಷ್ಟೋ ಶೂಟಿಂಗ್ ಜಾಗದ್ದಲ್ಲ. ಆಮೇಲೆ ಒಂದು ಕೋಣೆಯಲ್ಲಿ ಕೂತು, ತೆರೆ ನೋಡುತ್ತಾ, ಕೈಕಾಲಲ್ಲಿ ಮಾಡಿ ಸೇರಿಸಿದ್ದು. ಈ ಕೆಲಸಕ್ಕೆ ಫೋಲಿ ಅಂತ ಹೆಸರು, ಅದನ್ನು ಬೆಳೆಸಿದ ಜ್ಯಾಕ್ ಫೋಲಿ ಅವರ ಹೆಸರೇ ಉಳಿದುಕೊಂಡಿತು. ಹಿಮದ ಮೇಲೆ ನಡೆಯುವ ಸದ್ದಿಗೆ ಚೀಲದಲ್ಲಿ ಕಾರ್ನ್‌ಫ್ಲೋರ್ ತುಂಬಿ ಹಿಸುಕುತ್ತಾರೆ. ಬೆಂಕಿಗೆ ಜಿಲೇಟಿನ್ ಕಾಗದ. ಹುಲ್ಲಿಗೆ ಹಳೇ ಕ್ಯಾಸೆಟ್ಟಿನ ಟೇಪು ಉಂಡೆ ಮಾಡಿ ತುಳಿಯುವುದು. ಕುದುರೆಗೆ ಎರಡು ತೆಂಗಿನ ಚಿಪ್ಪು. ಇಷ್ಟೂ ನನ್ನ ಡಬ್ಬದಲ್ಲಿತ್ತು.

ಬೋರ್ಡ್ ಮೇಲೆ ಐದು ಸಾಲಿನ ಕತೆ ಬರೆದೆ. ರಾತ್ರಿ, ಕಾಡು, ಒಬ್ಬ ಕುದುರೆ ಸವಾರ. ಹಿಮ ಬಿದ್ದಿದೆ. ಇಳಿದು ನಡೆಯುತ್ತಾನೆ. ಬೆಂಕಿ ಹಚ್ಚುತ್ತಾನೆ. ಮರದಿಂದ ದೊಡ್ಡ ಹಕ್ಕಿಯೊಂದು ಹಾರುತ್ತದೆ. ಅರ್ಧ ಕ್ಲಾಸು ಕಣ್ಣು ಮುಚ್ಚಿ ಕೇಳಬೇಕು, ಇನ್ನರ್ಧ ಹಿಂದೆ ನಿಂತು ಸದ್ದು ಮಾಡಬೇಕು. ನಾನು ಕೋಲಿನಲ್ಲಿ ಸಾಲು ತೋರಿಸುತ್ತೇನೆ.

ಕುದುರೆ ಹುಡುಗರ ಕೈಗೆ ಸಿಕ್ಕಿ ಹಾಳಾಯಿತು. ಕಣ್ಣು ಮುಚ್ಚಿದ್ದವನೊಬ್ಬ 'ಮಿಸ್, ಕುದುರೆ ಮೆಟ್ಟಿಲಿಂದ ಬೀಳ್ತಿದೆ' ಅಂದ. ಹಿಮ ಮಾತ್ರ ಅದ್ಭುತ. ಆ ಕರಕರ ಕೇಳಿ ನನಗೇ ಕಾಲು ತಣ್ಣಗಾದ ಹಾಗಾಯಿತು. ಬೆಂಕಿಯೂ ಉರಿಯಿತು.

ಹಕ್ಕಿಗೆ ಏನೂ ಇರಲಿಲ್ಲ. ಮರೆತಿದ್ದೆ. ಚರ್ಮದ ಕೈಗವಸು ತರಬೇಕಿತ್ತು. ಪುಸ್ತಕ ಪಟಪಟ ಮಾಡಿದರು, ಪುಸ್ತಕದ ಹಾಗೇ ಕೇಳಿಸಿತು.

ಆಗ ಕೊನೆ ಬೆಂಚಿನ ಹುಡುಗಿ ಎದ್ದಳು. ಮಳೆಯಿರಲಿ ಬಿಡಲಿ, ಕೊಡೆ ತರುವವಳು. ಒಂದು ಕಡ್ಡಿ ಮುರಿದು ಹೊರಗೆ ಚಾಚಿಕೊಂಡಿರುವ ಕಪ್ಪು ಕೊಡೆ. ಪಕ್ಕದವರಿಗೆ ಚುಚ್ಚುತ್ತೆ, ಹೊರಗಿಡು ಅಂತ ನಾನೇ ನಾಲ್ಕು ಸಲ ಬೈದಿದ್ದೇನೆ. ಜೂನ್‌ನಿಂದ ಹಾಜರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಅವಳು ಬಾಯಿ ಬಿಟ್ಟದ್ದು ನೆನಪಿಲ್ಲ. ಕೊಡೆಯನ್ನು ಎದೆಗೆ ಹಿಡಿದು, ಪೂರ್ತಿ ಬಿಚ್ಚದೆ, ಅರ್ಧ ಬಿಚ್ಚಿ ಎಳೆದಳು. ಫಟ್. ಮತ್ತೆ. ಫಟ್. ಆಮೇಲೆ ಬೇಗ ಬೇಗ, ಫಟ್ ಫಟ್ ಫಟ್, ಹಾಗೇ ಮೆಲ್ಲಗೆ ಮಾಡುತ್ತಾ ಬಾಗಿಲ ಕಡೆ ನಡೆದಳು. ಹಕ್ಕಿ ದೂರ ಹೋಗಬೇಕಲ್ಲ! ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮುರಿದ ಕಡ್ಡಿ ಪ್ರತಿ ಸಲವೂ ಚಿಕ್ ಅನ್ನುತ್ತಿತ್ತು, ಕೊಕ್ಕು ಬಡಿದ ಹಾಗೆ. ಮುಂದಿನ ಬೆಂಚಿನ ಇಬ್ಬರು ಕಣ್ಣು ಮುಚ್ಚಿಕೊಂಡೇ ತಲೆ ತಗ್ಗಿಸಿದರು.

'ಹದ್ದು!' 'ಅಲ್ಲ ಕಣೋ, ಬಾವಲಿ!' ಕಣ್ಣು ಬಿಟ್ಟವರು ಕೊಡೆ ನೋಡಿ ನಂಬಲಿಲ್ಲ. ಮತ್ತೆ ಮಾಡು, ಮತ್ತೆ ಮಾಡು. ನಾಲ್ಕು ಸಲ ಮಾಡಿಸಿದರು. ನಾಲ್ಕನೇ ಸಲಕ್ಕೆ ಅವಳು 'ಸಾಕು, ಕೊಡೆ ಹಾಳಾಗುತ್ತೆ' ಅಂದಳು.

ಡೈನೋಸಾರ್ ಹುಚ್ಚಿನ ಒಬ್ಬ ಇದ್ದಾನೆ, ಪ್ರತಿ ಪಾಠವನ್ನೂ ಅಲ್ಲಿಗೇ ತರುತ್ತಾನೆ. 'ಡೈನೋಸಾರ್ ಕೂಗಿದ್ದು ಯಾರೂ ಕೇಳೇ ಇಲ್ವಲ್ಲ ಮಿಸ್, ಸಿನಿಮಾದವರಿಗೆ ಹೆಂಗೆ ಗೊತ್ತು?' ಒಳ್ಳೆಯ ಪ್ರಶ್ನೆ. 1993ರ 'ಜುರಾಸಿಕ್ ಪಾರ್ಕ್'ನಲ್ಲಿ ದೊಡ್ಡ ಟಿ-ರೆಕ್ಸ್‌ನ ಘರ್ಜನೆಗೆ ಆನೆಮರಿ, ಹುಲಿ, ಮೊಸಳೆ ಜಾತಿಯ ಪ್ರಾಣಿ ಎಲ್ಲ ಬೆರೆಸಿದ್ದಾರೆ ಅಂತ ಬೋರ್ಡ್ ಮೇಲೆ ಬರೆದೆ. ಕ್ಲಾಸಿಗೆ ಕ್ಲಾಸೇ ಬಾಯಿ ತೆರೆಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. 'ಅಡುಗೆಮನೆಗೆ ಬರ್ತಾವಲ್ಲ, ಆ ಚಿಕ್ಕವು? ಅವಕ್ಕೆ ಮಿಸ್?' ಕೈ ತನ್ನಷ್ಟಕ್ಕೆ 'ಆಮೆ' ಅಂತ ಬರೆದುಬಿಟ್ಟಿತು.

'ಆಮೆ ಕೂಗುತ್ತಾ ಮಿಸ್? ಯಾವಾಗ ಕೂಗುತ್ತೆ?'

ಗೊತ್ತಿರುವವರಿಗೆ ಗೊತ್ತು. ರ್‍ಯಾಪ್ಟರ್‌ಗಳ ಆ ಬೊಗಳಿಕೆಗೆ ರೆಕಾರ್ಡ್ ಮಾಡಿದ್ದು ಆಮೆಗಳ ಪ್ರಣಯದ ಹೊತ್ತಿನ ಸದ್ದು. ಮೂವತ್ತೆಂಟು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. ಚಾಕ್ ಕೈಯಲ್ಲಿತ್ತು. ಪಿಟಿ ಸರ್ ವಿಸಲ್ ಕೊರಳಲ್ಲಿತ್ತು. ಜೋರಾಗಿ ಊದಿ, ಬೋರ್ಡ್ ಒರೆಸಿ, ಮನೆಗೆಲಸ ಬರೆದೆ: 'ರಾತ್ರಿ ಕಣ್ಣು ಮುಚ್ಚಿ ಕೂತು ಮನೆಯ ಐದು ಶಬ್ದ ಪಟ್ಟಿ ಮಾಡಿ. ಯಾವುದು ಕಂಪಿಸಿ ಆ ಶಬ್ದ ಬಂತು, ಬರೆಯಿರಿ.'

ಮಧ್ಯಾಹ್ನದ ಮೇಲೆ ಬರೆಯುವಂಥದ್ದು ಏನಿಲ್ಲ. ನೋಟ್ಸ್ ತಿದ್ದಿದೆ.

ರಾತ್ರಿ ಒಂಬತ್ತಕ್ಕೆ ನಮ್ಮ ಮೂವರ ವಿಡಿಯೋ ಕಾಲ್. ತಿಂಗಳಿಗೊಂದು ಶುಕ್ರವಾರ, ತಪ್ಪಿಸುವ ಹಾಗಿಲ್ಲ. ಟೀಚರ್ ಟ್ರೇನಿಂಗ್‌ನಲ್ಲಿ ಒಂದೇ ರೂಮಿನಲ್ಲಿದ್ದವರು ನಾವು. ಫೋನಿನಲ್ಲಿ ಇವತ್ತಿಗೂ 'ಗಣಿತ', 'ಇತಿಹಾಸ' ಅಂತಲೇ ಅವರಿಬ್ಬರ ಹೆಸರು. ಗಣಿತ ಬೇರೆ ಊರಿನ ಶಾಲೆಯಲ್ಲಿದ್ದಾಳೆ. ಇತಿಹಾಸ ಹೋದ ವರ್ಷ ಟೀಚರ್ ಕೆಲಸ ಬಿಟ್ಟು ಒಂದು ಆಫೀಸು ಸೇರಿದಳು.

ನಮ್ಮದೊಂದು ಆಟವಿದೆ. ಒಂದೇ ಸಿನಿಮಾವನ್ನು ಮೂರೂ ಕಡೆ ಒಟ್ಟಿಗೆ ಹಾಕುವುದು, ಅದರಲ್ಲಿ 'ಆ ಕಿರುಚು' ಹುಡುಕುವುದು. ಮೊದಲು 'ಬಂತು!' ಅಂದವರಿಗೆ ಒಂದು ಪಾಯಿಂಟ್. 1951ರಲ್ಲಿ 'ಡಿಸ್ಟೆಂಟ್ ಡ್ರಮ್ಸ್' ಅನ್ನುವ ಚಿತ್ರಕ್ಕೆ, ಮೊಸಳೆಯ ಬಾಯಿಗೆ ಸಿಕ್ಕ ಸಿಪಾಯಿಗಾಗಿ, ಯಾರೋ ಒಬ್ಬರು ಸ್ಟುಡಿಯೋದಲ್ಲಿ ನಿಂತು ಕಿರುಚಿದ್ದರು. ಅದೇ ರೆಕಾರ್ಡಿಂಗನ್ನು 1953ರ ಇನ್ನೊಂದು ಚಿತ್ರದಲ್ಲಿ ಬಾಣ ತಾಗಿದ ವಿಲ್‌ಹೆಲ್ಮ್ ಅನ್ನುವ ಸೈನಿಕನಿಗೆ ಹಾಕಿದರು. ವರ್ಷಗಳಾದ ಮೇಲೆ ಬೆನ್ ಬರ್ಟ್ ಅನ್ನುವ ಸೌಂಡ್ ಡಿಸೈನರ್ ಆ ಹಳೇ ರೀಲನ್ನು ಹುಡುಕಿ ತೆಗೆದು 1977ರ 'ಸ್ಟಾರ್ ವಾರ್ಸ್'ನಲ್ಲಿ ಬಳಸಿದರು, 'ವಿಲ್‌ಹೆಲ್ಮ್ ಕಿರುಚು' ಅಂತ ಹೆಸರಿಟ್ಟರು. ಅಲ್ಲಿಂದ ಅದು ಸೌಂಡ್ ಡಿಪಾರ್ಟ್‌ಮೆಂಟಿನವರ ಒಳಜೋಕು. ನೂರಾರು ಚಿತ್ರಗಳಲ್ಲಿ ಯಾರ್ಯಾರೋ ಬೀಳುವಾಗ ಅದೇ ಮನುಷ್ಯ ಕಿರುಚುತ್ತಾನೆ. ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು, ಆಮೇಲೆ ಯಾವ ಯುದ್ಧದ ದೃಶ್ಯವನ್ನೂ ಗಂಭೀರವಾಗಿ ನೋಡಲಾಗುವುದಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಇಲ್ಲಿಯವರೆಗೆ ಹದಿನೇಳು ಸಿನಿಮಾ.

(ಸ್ಟಾರ್ ವಾರ್ಸ್ ಅಂದ ಕೂಡಲೇ ನೆನಪಾಯಿತು. ನಿರ್ವಾತದಲ್ಲಿ ಶಬ್ದ ಸಾಗುವುದಿಲ್ಲ ಅಂತ ಸೋಮವಾರ ನಾನೇ ಬರೆಸಬೇಕು. ಬಾಹ್ಯಾಕಾಶದಲ್ಲಿ ಢಾಂ ಅನ್ನುವ ಆ ಸ್ಫೋಟಗಳನ್ನು ಬಿಟ್ಟುಕೊಡಲೂ ಮನಸ್ಸಿಲ್ಲ. ನೋಡೋಣ.)

ಇವತ್ತು 'ಟಾಯ್ ಸ್ಟೋರಿ'. ನಾಳೆಗೆ ಅದು ಬಿಡುಗಡೆಯಾಗಿ ಸರಿಯಾಗಿ 30 ವರ್ಷ, 1995ರ ನವೆಂಬರ್ 22. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ಪೂರ್ಣ ಪ್ರಮಾಣದ ಚಿತ್ರ, ನನಗಿಂತ ಮೂರು ವರ್ಷ ದೊಡ್ಡದು. ಜುರಾಸಿಕ್ ಪಾರ್ಕಿನ ಆನೆಮರಿ, ಆಮೆ ಎಲ್ಲ ಜೋಡಿಸಿದ ಗ್ಯಾರಿ ರಿಡ್‌ಸ್ಟ್ರಮ್ ಅವರೇ ಇದಕ್ಕೂ ಸೌಂಡ್ ಮಾಡಿದವರು. ಬೆಳಿಗ್ಗೆಯ ಆಮೆ ಪ್ರಸಂಗವನ್ನು ಟೈಪ್ ಮಾಡಿ ಕಳಿಸಿದೆ. ಗಣಿತ ನಕ್ಕು ನಕ್ಕು ಕ್ಯಾಮೆರಾದಿಂದಲೇ ಮಾಯವಾದಳು.

ಇತಿಹಾಸ ಅಷ್ಟು ನಗಲಿಲ್ಲ. 'ನಾನೂ ಇವತ್ತು ಎಂಟು ಗಂಟೆ ಮಾತಾಡಲಿಲ್ಲ ಕಣೇ' ಅಂದಳು. 'ಹೆಡ್‌ಫೋನ್ ಹಾಕ್ಕೊಂಡ್ರೆ ಸಂಜೆ ತನಕ ಮಾತೇ ಬೇಕಾಗಲ್ಲ. ನನಗ್ಯಾರೂ ಡಾಕ್ಟರ್ ಹತ್ರ ಹೋಗು ಅನ್ನಲಿಲ್ಲ ನೋಡು.' ತಮಾಷೆಗೇ ಅಂದಿದ್ದು. ಸ್ವಲ್ಪ ಹೊತ್ತು ಯಾರೂ ಏನೂ ಹೇಳಲಿಲ್ಲ. ನಾನಂತೂ ಹೇಳುವ ಹಾಗೇ ಇರಲಿಲ್ಲ. ಆಮೇಲೆ ಅವಳೇ 'ಆ ಕೊಡೆ ಹುಡುಗಿ ಬಾಗಿಲ ತನಕ ನಡೆದ್ಲು ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಸರಿಯಾಗಿ ಬರಿ' ಅಂದಳು. ಬರೆದೆ. ಓದಿದಳು. 'ನನ್ನ ಕ್ಲಾಸಲ್ಲೂ ಒಬ್ಳಿದ್ಲು' ಅಂತ ಶುರು ಮಾಡಿ, 'ಇರ್ಲಿ, ಸಿನಿಮಾ ಹಾಕಿ' ಅಂದಳು.

ಮೂರು, ಎರಡು, ಒಂದು ಅಂತ ಎಣಿಸಿ ಒಟ್ಟಿಗೆ ಪ್ಲೇ ಒತ್ತಿದೆವು. ಎಷ್ಟೇ ಎಣಿಸಿದರೂ ಒಬ್ಬೊಬ್ಬರದು ಅರ್ಧ ಸೆಕೆಂಡ್ ಹಿಂದೆ ಮುಂದೆ. ಕಿರುಚು ಎಲ್ಲಿದೆ ಅಂತ ಮೂವರಿಗೂ ಮೊದಲೇ ಗೊತ್ತು: ಬಜ್ ಅನ್ನುವ ಆಟಿಕೆ ಕಿಟಕಿಯಿಂದ ಹೊರಗೆ ಬೀಳುವಾಗ. ಹಾಗಾಗಿ ಇವತ್ತು ಹುಡುಕುವ ಪಂದ್ಯವಲ್ಲ, ಬಾಯಿಯ ವೇಗದ ಪಂದ್ಯ. ಬಾಯಿಲ್ಲದ ನಾನು ಆಟಕ್ಕಿಲ್ಲ ಅಂತ ಇಬ್ಬರೂ ತೀರ್ಮಾನಿಸಿಯಾಗಿತ್ತು.

ಟೇಬಲ್ ಲ್ಯಾಂಪು ತಿರುಗಿತು. ಬಜ್ ಕಿಟಕಿಯ ಹತ್ತಿರ ಬಂದ. ನಾನು ವಿಸಲ್ ಬಾಯಿಗಿಟ್ಟುಕೊಂಡು ಉಸಿರು ಹಿಡಿದೆ.

ಅವರು 'ಬ' ಅನ್ನುವಷ್ಟರಲ್ಲಿ ಊದಿದ್ದೆ. ಮುಚ್ಚಿದ ಕೋಣೆಯಲ್ಲಿ ಆ ವಿಸಲ್ ಎಷ್ಟು ಜೋರು ಅಂತ ಅಂದಾಜಿರಲಿಲ್ಲ. ಗಣಿತ ಫೋನ್ ಬೀಳಿಸಿದಳು. ಹೊರಗೆ ನಾಯಿ ಬೊಗಳಿತು. ಮೇಲಿನ ಮನೆಯಲ್ಲಿ ಲೈಟ್ ಹತ್ತಿತು. ಇತಿಹಾಸ ಹೆಡ್‌ಫೋನ್ ಕಿತ್ತೆಸೆದು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಮುಂದಿನ ಹತ್ತು ನಿಮಿಷದ ಸಿನಿಮಾ ಯಾರೂ ನೋಡಲಿಲ್ಲ.

ಈಗ ವಿಸಲ್ ತೊಳೆದು ಕಿಟಕಿ ಪಕ್ಕ ಒಣಗಲು ಇಟ್ಟಿದ್ದೇನೆ. ಮನೆಗೆಲಸ ಕೊಟ್ಟವಳೂ ಮಾಡಬೇಕು, ಅಲ್ವಾ. ಕಣ್ಣು ಮುಚ್ಚಿ ಕೂತೆ. ಒಂದು, ಫ್ಯಾನ್. ಎರಡು, ನಲ್ಲಿಯ ತೊಟಕು. ಮೂರು, ಮೇಲಿನ ಮನೆಯವರು ಕುರ್ಚಿ ಎಳೆದದ್ದು, ಪಾಪ ಇನ್ನೂ ಮಲಗಿಲ್ಲ. ನಾಲ್ಕು, ನನ್ನದೇ ಉಸಿರು, ಸ್ವಲ್ಪ ಗೊರಗೊರ. ಐದನೆಯದಕ್ಕೆ ಕಾಯುತ್ತಿದ್ದಾಗ ಮೇಜಿನ ಮೇಲೆ ಫೋನು ಗುರ್ ಅಂತು.

ಇತಿಹಾಸ. 'ವಿಸಲ್ ಲೆಕ್ಕಕ್ಕಿಲ್ಲ. ಪಾಯಿಂಟ್ ನಂದು.'