ಅರ್ಕಾವತಿಯ ನೀರು ಬಂದ ದಾರಿ

ಮಳೆ ಕೈಕೊಟ್ಟ ವರ್ಷ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಕೆರೆಯ ಏರಿ ಹತ್ತಿದರೆ ನೀರಿಗಿಂತ ಹುಲ್ಲೇ ಹೆಚ್ಚು ಕಾಣುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಬೆಂಗಳೂರಿಗೆ ಕೊಳಾಯಿ ನೀರು ಕೊಡಲು ಆರಿಸಿಕೊಂಡದ್ದು ಇದೇ ಕೆರೆಯನ್ನು. ನೀರು ಇಟ್ಟಿಗೆ ಕಾಲುವೆಯಲ್ಲಿ ತಾನಾಗಿ ಸೋಲದೇವನಹಳ್ಳಿಗೆ ಹರಿಯುತ್ತಿತ್ತು. ಅಲ್ಲಿಂದ ಉಗಿಯಂತ್ರ ಅದನ್ನು ಚಿಮ್ನಿ ಹಿಲ್ಸ್‌ಗೆ ಏರಿಸಿದರೆ, ಮುಂದೆ ನಗರದವರೆಗೆ ಬರೀ ಇಳಿಜಾರು. ಈಗ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಮೂರು ಕಡೆ ಪಂಪ್ ಮಾಡಿ ಎತ್ತಬೇಕು.

ಸೋಲದೇವನಹಳ್ಳಿ ನೋಡಿಕೊಂಡು ಮಾಗಡಿ ರಸ್ತೆ ಸೇರಿದರೆ ತಿಪ್ಪಗೊಂಡನಹಳ್ಳಿ. ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ 1933ರಲ್ಲಿ ಮುಗಿದ ಜಲಾಶಯ. 2012ರಲ್ಲಿ ನಗರಕ್ಕೆ ಇಲ್ಲಿನ ನೀರು ನಿಂತಿತು. ಮೇಲಿನ ಊರುಗಳ ಚರಂಡಿ, ಕಾರ್ಖಾನೆಗಳ ಕೊಳೆ ಹಳ್ಳಕ್ಕೆ ಸೇರಿದ್ದು ಒಂದು ಕಾರಣ. ಬೋರ್‌ವೆಲ್, ನೀಲಗಿರಿ ತೋಪುಗಳಿಂದ ಒಳಹರಿವು ತಗ್ಗಿ, ಕೊಳೆಯನ್ನು ತೆಳುವಾಗಿಸುವ ನೀರೇ ಇಲ್ಲವಾದದ್ದು ಇನ್ನೊಂದು. ಜಲಾನಯನ ಕಾಪಾಡಲು 2003ರಲ್ಲಿ ಸರ್ಕಾರಿ ಆದೇಶವೂ ಬಂತು. ಕಾಗದಕ್ಕೇನು ಕೊರತೆ!

ವಾಪಸು ಮಲ್ಲೇಶ್ವರ. ಹೆಸರಘಟ್ಟದ ನೀರು ಸೋಸುತ್ತಿದ್ದ ಜ್ಯುವೆಲ್ ಫಿಲ್ಟರ್ ಇರುವ ಈ ಬಡಾವಣೆಯಂಥ ಹಳೇ ಬೀದಿಗಳಲ್ಲಿ ಪೈಪಿನ ಕೆಲಸ ನಡೆಯುತ್ತಿದ್ದರೆ ಗುಂಡಿಯ ಪಕ್ಕ ಐದು ನಿಮಿಷ ನಿಲ್ಲಿ. ಹಳೇ ಬೀಡುಕಬ್ಬಿಣದ ಪೈಪಿನ ಜಾಯಿಂಟಿಗೆ ಸೆಣಬು ತುರುಕಿ ಸೀಸ ಹೊಯ್ದಿರುತ್ತಾರೆ; ಒಳಗೆ ತುಕ್ಕಿನ ಗಂಟುಗಳು ಬೆಳೆದು ಆರು ಇಂಚಿನ ಪೈಪು ನಾಲ್ಕು ಇಂಚಿನಷ್ಟು ಕೆಲಸ ಮಾಡುತ್ತದೆ. ಆದರೆ ನಿಜವಾದ ಕಳ್ಳ, ಮೋರಿಯೊಳಗೆ ಹಾದು ಮನೆಗೆ ಹೋಗುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ನೀರು ಬಿಟ್ಟಾಗ ಅದು ಸೋರುತ್ತದೆ. ನಿಲ್ಲಿಸಿದಾಗ ಲೈನಿನಲ್ಲಿ ಒತ್ತಡ ಇಳಿದು, ಅದೇ ತೂತಿನಿಂದ ಮೋರಿ ನೀರನ್ನು ಎಳೆದುಕೊಳ್ಳುತ್ತದೆ. ಮನೆಯವರು ಲೈನಿಗೇ ಮೋಟಾರು ಕೂರಿಸಿದರಂತೂ ಕೇಳುವುದೇ ಬೇಡ.

ಹೀಗೆ ಮೋರಿ ನೀರು ಸೇರುತ್ತಿದೆಯೇ ಎಂಬ ಪತ್ತೆಗೆ ಕ್ಲೋರಿನ್ ಕಿಟ್ ಸಾಕು. ಸಂಪಿನಿಂದಲ್ಲ, ನೇರ ಲೈನಿನ ನಲ್ಲಿಯಿಂದ ನೀರು ಬಂದ ಕೂಡಲೇ 10 ಮಿ.ಲೀ. ಹಿಡಿದು ಕ್ಲೋರಿನ್ ಇದ್ದರೆ ಬಣ್ಣ ತಿರುಗಿಸುವ ಡಿಪಿಡಿ ಮಾತ್ರೆ ಹಾಕಿ, ಗುಲಾಬಿ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿ. ಕಾಲು ಗಂಟೆ ಬಿಟ್ಟು ಮತ್ತೊಮ್ಮೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಕ್ಲೋರಿನ್ ಉಳಿದಿರಬೇಕು. ಮೊದಲು ಇಲ್ಲದೆ ಆಮೇಲೆ ಬಂದರೆ, ದೋಷ ಬಹುತೇಕ ಅದೇ ಬೀದಿಯದು. ಎರಡರಲ್ಲೂ ಇಲ್ಲದಿದ್ದರೆ ಬಡಾವಣೆಗೆ ನೀರು ಬಿಡುವ ಟ್ಯಾಂಕಿನ ಕಡೆಯಿಂದ ಹುಡುಕುತ್ತ ಬರಬೇಕು.

ಹೊಸದಾಗಿ ಹಾಕುವುದು ಒಳಗೆ ಸಿಮೆಂಟ್ ಲೇಪನವಿರುವ ಡಿಐ (ಡಕ್ಟೈಲ್ ಐರನ್, ಸುಲಭವಾಗಿ ಸೀಳದ ಕಬ್ಬಿಣ) ಪೈಪು, ರಬ್ಬರ್ ರಿಂಗಿನ ಜಾಯಿಂಟು. ಒತ್ತಡದ ಪರೀಕ್ಷೆ ಆದ ಮೇಲೆ ಮಣ್ಣು ಹೋಗುವವರೆಗೆ ನೀರು ಹಾಯಿಸಿ ತೊಳೆಯಬೇಕು. ನಂತರ ಲೀಟರಿಗೆ 25 ಮಿ.ಗ್ರಾಂ. ಕ್ಲೋರಿನ್ ಬೀಳುವಂತೆ, ಅಂದರೆ 1000 ಲೀಟರಿಗೆ 30 ಶೇಕಡಾ ಬಲದ ಬ್ಲೀಚಿಂಗ್ ಪುಡಿ ಸುಮಾರು 83 ಗ್ರಾಂ ಕದಡಿ, 24 ಗಂಟೆ ಲೈನಿನಲ್ಲಿ ನಿಲ್ಲಿಸಬೇಕು. ಚೀಲ ತೆರೆದು ತಿಂಗಳುಗಟ್ಟಲೆ ಆಗಿದ್ದರೆ ಪುಡಿಯ ಬಲ ಕುಗ್ಗಿರುತ್ತದೆ, ಅಳೆದೇ ಹಾಕಬೇಕು. ಆ ನೀರನ್ನು ಪೂರ್ತಿ ಹೊರಬಿಟ್ಟು, ಕೋಲಿಫಾರ್ಮ್ (ಕೊಳೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಪಾಸಾದ ಮೇಲಷ್ಟೇ ಮನೆಗಳಿಗೆ ಜೋಡಣೆ. ಆಗ ಮೋರಿಯೊಳಗಿನ ಅದೇ ಜಿಐ ಪೈಪನ್ನು ತಂದು ಸಿಕ್ಕಿಸಿದರೆ ಮಾಡಿದ ಖರ್ಚೆಲ್ಲ ದಂಡ.