ರುಲ್ಮಾನ್ ಟೇಬಲ್, ಮೂರನೇ ವಾರ: ಕಾಲು ಲಟ್ಟಣಿಗೆ ಆದದ್ದು

ಎರಡನೇ ಕಾಲೂ ಲಟ್ಟಣಿಗೆಯ ಹಾಗೇ ಬಂತು. ಮನೆಯಲ್ಲಿ ನೋಡಿದವರು ಚಪಾತಿಗೆ ಸರಿಹೋಗುತ್ತೆ ಅಂದರು. ಲೇತಿನ ಮುಂದೆ ಎರಡು ಸಂಜೆ ನಿಂತದ್ದಕ್ಕೆ ಸಿಕ್ಕ ಮರ್ಯಾದೆ ಇದು.

ನಾನು ಮಾಡಹೊರಟದ್ದು ಫ್ರೆಂಚ್ ಪೀಠೋಪಕರಣ ವಿನ್ಯಾಸಕ ಜಾಕ್-ಎಮಿಲ್ ರುಲ್ಮಾನ್ ಧಾಟಿಯ ಒಂದು ಪುಟ್ಟ ಸೈಡ್ ಟೇಬಲ್. ಆತನ ಪೀಠೋಪಕರಣಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಲುಗಳು. ಎಷ್ಟೋ ಬೀರುಗಳಲ್ಲಿ ಅವು ಪೆಟ್ಟಿಗೆಯ ಅಡಿಗೆ ಇರುವುದಿಲ್ಲ. ಹೊರಮೈಗೆ ಅಂಟಿಕೊಂಡು ಇಳಿಯುತ್ತವೆ, ಕೆಳಗೆ ಹೋಗುತ್ತಾ ಕದಿರಿನ ಹಾಗೆ ಸಪೂರ ಆಗುತ್ತವೆ. ಫ್ರಾನ್ಸಿನ ದೊರೆ 16ನೇ ಲೂಯಿ ಕಾಲದ ಮೇಜುಗಳ ನೆರಳು ಅದರಲ್ಲಿದೆ, ಆದರೆ ಮೈಮೇಲಿನ ಒಡವೆಯೆಲ್ಲ ಕಳಚಿಟ್ಟಂತೆ.

ನನ್ನ ತಪ್ಪು ಈಗ ಗೊತ್ತಾಯಿತು. ಕಾಲಿನ ಉಬ್ಬನ್ನು, ಅಂದರೆ ಅತಿ ದಪ್ಪ ಇರುವ ಜಾಗವನ್ನು, ಸರಿಯಾಗಿ ನಡುವಿಗೆ ಇಟ್ಟಿದ್ದೆ. ಮೂರನೇ ತುಂಡಿನಲ್ಲಿ ಅದನ್ನು ಮೇಲಿನಿಂದ ಮೂರನೇ ಒಂದು ಭಾಗಕ್ಕೆ ಏರಿಸಿದೆ. ಕಾಲಿನ ಉದ್ದ 45 ಸೆಂ.ಮೀ., ದಪ್ಪ ಇರುವ ಕಡೆ 30 ಮಿ.ಮೀ., ತುದಿಯಲ್ಲಿ 9. ಅಷ್ಟೇ ಬದಲಾವಣೆ. ಲಟ್ಟಣಿಗೆ ಹೋಗಿ ಕಾಲು ಬಂತು!

ತಮಾಷೆ ಅಂದರೆ, ರುಲ್ಮಾನ್ ಬಡಗಿಯಾಗಿ ತರಬೇತಿ ಪಡೆದವನೇ ಅಲ್ಲ. ಪ್ಯಾರಿಸ್‌ನಲ್ಲಿ 1879ರಲ್ಲಿ ಹುಟ್ಟಿದ. ಅಪ್ಪನದು ಬಣ್ಣ, ವಾಲ್‌ಪೇಪರ್, ಕನ್ನಡಿಗಳ ವ್ಯಾಪಾರ. 1907ರಲ್ಲಿ ಅದು ಇವನ ಕೈಗೆ ಬಂತು. ಇವನು ಗೀಚುತ್ತಿದ್ದ, ಬೇರೆಯವರು ಮಾಡುತ್ತಿದ್ದರು. 1919ರಲ್ಲಿ ಪಿಯೆರ್ ಲೋರಾನ್ ಜೊತೆ ಕಂಪನಿ ಕಟ್ಟಿದ ಮೇಲೂ ಬಣ್ಣ-ವಾಲ್‌ಪೇಪರ್ ಕೆಲಸದ ದುಡ್ಡೇ ದುಬಾರಿ ಪೀಠೋಪಕರಣಗಳನ್ನು ಸಾಕಿತು. ಹೆಸರು ಊರೆಲ್ಲ ಹಬ್ಬಿದ್ದು 1925ರ ಪ್ಯಾರಿಸ್ ಪ್ರದರ್ಶನದಲ್ಲಿ. ವಾಸ್ತುಶಿಲ್ಪಿ ಪಿಯೆರ್ ಪಾತೂ ಕಟ್ಟಿದ ಪೆವಿಲಿಯನ್ನನ್ನು ಒಬ್ಬ ಶ್ರೀಮಂತ ಸಂಗ್ರಾಹಕನ ಮನೆಯಂತೆ ಸಜ್ಜು ಮಾಡಿದ್ದ. ಆಮೇಲೆ ಇಂದೋರಿನ ಮಹಾರಾಜರ ಮಾಣಿಕ್ ಬಾಗ್ ಅರಮನೆಗೂ ಈತನ ಮೇಜು ಬಂತು. 1933ರಲ್ಲಿ, ಇನ್ನು ಬದುಕುವುದಿಲ್ಲ ಅಂತ ಗೊತ್ತಾದಾಗ, ಕೈಯಲ್ಲಿರುವ ಆರ್ಡರ್ ಮುಗಿಸಿ ಕಂಪನಿ ಮುಚ್ಚಿಬಿಡಿ ಅಂದ. ಇದು ನನಗೆ ಬಹಳ ಹಿಡಿಸಿತು.

ಸರಿ, ಮತ್ತೆ ಕಾಲಿಗೆ ಬರೋಣ. 9 ಮಿ.ಮೀ. ತುದಿ ನೆಲಕ್ಕೆ ತಾಗಿದ್ದೇ ತಡ, ಚಕ್ಕೆ ಎದ್ದಿತು. ರುಲ್ಮಾನ್ ಅಲ್ಲಿಗೆ ದಂತದ ಪುಟ್ಟ ಪಾದ ತೊಡಿಸುತ್ತಿದ್ದ. ನಾನು ಅದನ್ನು ಬರೀ ಶೋಕಿ ಅಂದುಕೊಂಡಿದ್ದೆ. ದಂತದ ಮಾತು ಈಗ ಬಿಡಿ. ಮೈಸೂರಿನಲ್ಲಿ ಬೀಟೆ ಮರದೊಳಗೆ ಚಿತ್ತಾರ ಕೂರಿಸುವವರೂ ದಂತ ಬಿಟ್ಟು ಬಿಳಿ ಪ್ಲಾಸ್ಟಿಕ್‌ಗೆ ಬಂದು ಎಷ್ಟೋ ಕಾಲವಾಯಿತು. ನಾನೂ ಅದೇ ದಾರಿ ಹಿಡಿದೆ. ಬೋರ್ಡ್ ಮಾಡುವ ಅಂಗಡಿಯಲ್ಲಿ ಬಿಸಾಡಿದ್ದ ಅಕ್ರಿಲಿಕ್ ತುಂಡು ತಂದು, ಅರದಲ್ಲಿ ಉಜ್ಜಿ, ತುದಿಗೆ ಕೂರಿಸಿದೆ. ಬಿಳುಪು ಸ್ವಲ್ಪ ಜಾಸ್ತಿಯೇ, ಹಲ್ಲು ಕಟ್ಟಿಸಿದ ಹಾಗಿದೆ. ಟೀ ಡಿಕಾಕ್ಷನ್‌ನಲ್ಲಿ ರಾತ್ರಿಯಿಡೀ ನೆನೆಸಿ ನೋಡಿದೆ, ಏನೂ ಹಿಡಿಯಲಿಲ್ಲ.

ಇನ್ನೂ ಮೂರು ಕಾಲು ಬಾಕಿ. ಮೊದಲ ಎರಡರಲ್ಲಿ ಒಂದು ಅಡುಗೆಮನೆ ಸೇರಿದೆ.