ಶಿಕ್ಷೆಯ ಪ್ರಮಾಣಕ್ಕೆ ಕಾಯುತ್ತಾ

ಬೆಳಗ್ಗೆಯಿಂದ ಫೋನ್ ಕೆಳಗಿಡಲಾಗುತ್ತಿಲ್ಲ. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅತ್ಯಾಚಾರ ಪ್ರಕರಣದಲ್ಲಿ ದೋಷಿ ಅಂತ ನಿನ್ನೆ, 2025ರ ಆಗಸ್ಟ್ 1ರಂದು, ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಹೇಳಿತು. ಇವತ್ತು ಶಿಕ್ಷೆಯ ಪ್ರಮಾಣ. 10 ವರ್ಷವೋ, ಜೀವಾವಧಿಯೋ? ಗ್ರೂಪಿನಲ್ಲಿ ಎಲ್ಲರದೂ ಇದೇ ಪ್ರಶ್ನೆ.

ಅವನ ಮೇಲೆ ದೂರು ಕೊಟ್ಟ ಆ ಮನೆಗೆಲಸದ ಹೆಣ್ಣುಮಗಳದೇ ನನಗೆ ಯೋಚನೆ. ಮಾಜಿ ಪ್ರಧಾನಿಯ ಮೊಮ್ಮಗನ ವಿರುದ್ಧ ಬಾಯಿಬಿಟ್ಟು ಹೇಳುವುದು ಅಂದರೆ ಸಣ್ಣ ಮಾತಾ? ಅವಳ ಜೊತೆ ಅವಳ ಸೀರೆಯೂ ಸಾಕ್ಷಿ ಹೇಳಿತು, ಡಿಎನ್‌ಎ ಪರೀಕ್ಷೆಯಲ್ಲಿ. ಈ ಹೊತ್ತಿನಲ್ಲಿ ಎಲ್ಲಿ ಕೂತು ಕಾಯುತ್ತಿದ್ದಾಳೋ, ತುತ್ತು ಅನ್ನವಾದರೂ ಗಂಟಲಲ್ಲಿ ಇಳಿಯಿತೋ ಇಲ್ಲವೋ.

ಈಗ ತಾನೇ ಸುದ್ದಿ ಬಂತು. ಜೀವಾವಧಿ.

ಒಲೆ ಮೇಲಿದ್ದ ಕುಕ್ಕರ್ ಎಷ್ಟು ಸಲ ಕೂಗಿತೋ, ನನಗೆ ಕೇಳಿಸಲೇ ಇಲ್ಲ.